ಬನ್ನಿ ಮರದ ಕೆಂಪು ಬಟ್ಟೆ

ನಾನು ಓದಿದ್ದು ಏಳನೇ ತರಗತಿಯವರೆಗೆ. ಅದರಲ್ಲೂ ಕೊನೆಯ ವರ್ಷ ಶಾಲೆಗೆ ಹೋದದ್ದಕ್ಕಿಂತ ಕಾಲುವೆಗೆ ಈಜಲು ಹೋದದ್ದೇ ಹೆಚ್ಚು. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ತೋಟದಲ್ಲಿ ಹೊಸದಾಗಿ ಜೇನಿನ ಕೆಲಸಕ್ಕೆ ಸೇರಿದವರು, "ಪಂಪಣ್ಣಾರ, ನಿಮಗ ಗೊತ್ತಿದ್ದದ್ದು ಒಂದು ನೋಟ್‌ಬುಕ್ಕಿನ್ಯಾಗ ಬರದು ಕೊಡ್ರಿ" ಎಂದು ಕೇಳಿದರು. ನೋಟ್‌ಬುಕ್ಕನ್ನೂ ಅವರೇ ತಂದುಕೊಟ್ಟರು. ಜೇನಿನ ಬಗ್ಗೆ ಬರೆಯುವುದು ನನಗೆ ಕಷ್ಟವಲ್ಲ. ಆದರೆ ಬನ್ನಿ ಮರದ ಬಟ್ಟೆಯ ಸಂಗತಿ ಬಿಟ್ಟು ಬರೆದರೆ ಅದು ಸುಳ್ಳಾಗುತ್ತದೆ. ಬರೆದರೆ ನನ್ನ ಮರ್ಯಾದೆ ಹೋಗುತ್ತದೆ. ಹೋಗಲಿ ಎಂದು ಕೂತಿದ್ದೇನೆ.

ನಮ್ಮ ಧಣಿಯ ತೋಟ ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಕೆಳಗಿದೆ. ಬಾಳೆ, ತೆಂಗು, ಸಾಲಾಗಿ ಹುಣಸೆ, ಬೇವು, ಹೊಂಗೆ. ಹಿಂದುಗಡೆ ದನ, ಎಮ್ಮೆ, ಕುರಿ ಮೇಯುವ ಹುಲ್ಲುಗಾವಲು. ನಾನು ಸೇರಿದ್ದು ಎಮ್ಮೆ ಕಾಯಲು. ಜೇನು ಅಕ್ಕನದು.

ಅಕ್ಕ ಹುಲಿಗೆಮ್ಮ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಚಿತ್ತವಾಡ್ಗಿಯ ನಮ್ಮ ಮನೆಗೆ ವಾಪಸು ಬಂದು, ಈ ತೋಟದಲ್ಲಿ ಬಾಳೆಗೊನೆ ಹೊರುವ ಕೆಲಸಕ್ಕೆ ಹೋಗುತ್ತಿದ್ದಳು. ಒಮ್ಮೆ ತೋಟಗಾರಿಕೆ ಇಲಾಖೆಯವರು ತೋಟಕ್ಕೆ ಹತ್ತು ಜೇನುಪೆಟ್ಟಿಗೆ ಕೊಟ್ಟು ಕಲಿಸಲು ಬಂದರು. ಗಂಡಸರೆಲ್ಲ ಹುಣಸೆ ಮರದಾಚೆ ನಿಂತರು. ಅಕ್ಕ ಸೆರಗು ಸಿಕ್ಕಿಸಿ ಮುಂದೆ ಹೋಗಿ, ಹುಳು ಮುತ್ತಿದ್ದ ಮೇಣದ ಎರಿಯನ್ನು ಬರಿಗೈಲಿ ಎತ್ತಿದಳಂತೆ. ಮುಖಕ್ಕೆ ಜಾಲರಿ, ಕೈಗೆ ಗ್ಲೌಸು ಹಾಕಿಕೊಂಡಿದ್ದ ಸಾಹೇಬರು, "ಏನವ್ವ, ನಿನಗ ಅಂಜಿಕಿ ಬರಂಗಿಲ್ಲೇನು?" ಎಂದರೆ, "ಅಂಜಿಕಿ ಐತ್ರಿ ಸಾಹೇಬ್ರ. ಅವಕ್ಕ ತೋರ್ಸಂಗಿಲ್ಲ ಅಷ್ಟ" ಎಂದಳಂತೆ. ಅಂದಿನಿಂದ ಆ ಪೆಟ್ಟಿಗೆಗಳು ಅವಳವು. ಆಮೇಲೆ ಧಣಿಗೆ ಹೇಳಿ ನನ್ನನ್ನೂ ಎಮ್ಮೆಯಿಂದ ಬಿಡಿಸಿ ಜೇನಿಗೆ ಹಾಕಿಕೊಂಡಳು.

ನನ್ನ ಮೊದಲ ತಪ್ಪು ಸಣ್ಣದು. ಬಿಸಿಲು ಬೀಳುತ್ತದೆಂದು ಒಂದು ಪೆಟ್ಟಿಗೆಯನ್ನು ಅವಳಿಗೆ ಕೇಳದೆ ಇಪ್ಪತ್ತು ಹೆಜ್ಜೆ ಆಚೆ ಬೇವಿನ ನೆರಳಿಗೆ ಸರಿಸಿದೆ. ಮಧ್ಯಾಹ್ನ ನೋಡಿದರೆ, ಮೇಯಲು ಹೋಗಿದ್ದ ಹುಳುಗಳೆಲ್ಲ ತಿರುಗಿ ಬಂದು ಪೆಟ್ಟಿಗೆಯಿದ್ದ ಖಾಲಿ ಕಲ್ಲಿನ ಮೇಲೆ ಗುಂಪಾಗಿ ಕೂತಿದ್ದವು. ಮನೆ ಕಣ್ಣೆದುರಿಗೇ ಇದೆ, ಅವಕ್ಕೆ ಕಾಣುತ್ತಿಲ್ಲ. ಅಕ್ಕ ಬೈಯಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಅದೇ ಕಲ್ಲಿನ ಮೇಲಿಟ್ಟು, "ನೋಡು ಪಂಪ, ಇವು ಮನಿ ನೆನಪಿಡಂಗಿಲ್ಲ, ಜಾಗ ನೆನಪಿಡ್ತಾವು. ಸರ್ಸೋದಿದ್ರ ದಿನಕ್ಕ ಒಂದು ಮೊಳ ಸರ್ಸು. ಇಲ್ಲಾಂದ್ರ ಪೂರಾ ದೂರ ಒಯ್ದು ಬಿಡು. ನಡುವ ಇಡಬ್ಯಾಡ" ಎಂದಳು. ಇದನ್ನು ಹೊಸಬರು ಬರೆದಿಟ್ಟುಕೊಳ್ಳಿ.

ನಮ್ಮ ಕಡೆ ಜೇನಿನ ವರ್ಷ ಶುರುವಾಗುವುದು ಮಳೆಗಾಲ ಹಿಂದೆ ಸರಿದಾಗ. ಮಳೆಯಲ್ಲಿ ಪೆಟ್ಟಿಗೆಯೊಳಗೆ ಮೇಣದ ಹುಳು ಬೀಳುತ್ತದೆ, ಬಲೆಯಂತೆ ನೂಲು ನೇಯ್ದು ಎರಿಯನ್ನೇ ತಿಂದು ಹಾಕುತ್ತದೆ. ವಾರಕ್ಕೊಮ್ಮೆ ತಳದ ಹಲಗೆ ಗುಡಿಸಬೇಕು. ಮಳೆ ಹಿಂದಾದ ಮೇಲೆ ಸಂಡೂರಿನ ಗುಡ್ಡದ ಬುಡಕ್ಕೆ, ಧಣಿಯ ಬೀಗರ ಹೊಲಕ್ಕೆ ಪೆಟ್ಟಿಗೆ ಒಯ್ಯುತ್ತಿದ್ದೆವು. ಅಲ್ಲಿ ಗುರೆಳ್ಳು, ಕಾಡುಹೂವು. ಗಣಿ ಲಾರಿಗಳು ಓಡಾಡುವ ಕಾಲದಲ್ಲಿ ಗಿಡದ ಎಲೆ, ಹೂವು, ಕೊನೆಗೆ ಹುಳುವಿನ ಬೆನ್ನು ಕೂಡ ಅದಿರಿನ ಧೂಳಿಗೆ ಕೆಂಪು. ಒಂದು ವರ್ಷವಂತೂ ರಸ್ತೆ ಕಡೆಯ ಪೆಟ್ಟಿಗೆಗಳು ಸೊರಗಿಹೋದವು. ಅಕ್ಕ ಒಂದು ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡು ಉಫ್ ಎಂದು ಧೂಳು ಊದಿ, "ನೀವೂ ಮೈನ್ಸ್‌ನ್ಯಾಗ ಕೆಲ್ಸಕ್ಕ ಸೇರೀರೇನವ್ವ" ಎಂದು ಕೇಳಿದಳು. ಮರುದಿನವೇ ಗುಡ್ಡದ ಆ ಬದಿಗೆ ಪೆಟ್ಟಿಗೆ ಸಾಗಿಸಿದೆವು.

ಚಳಿಗಾಲದಲ್ಲಿ ತೋಟಕ್ಕೆ ವಾಪಸು. ಆಗ ಸುತ್ತಲಿನ ಹೊಲಗಳಲ್ಲಿ ಸೂರ್ಯಕಾಂತಿ. ಜೇನು ಹೆಚ್ಚು ಬರುವುದು ಆಗಲೇ, ಹುಳು ಸಾಯುವುದೂ ಆಗಲೇ. ಆಮೇಲೆ ಬೇವು, ಹೊಂಗೆ, ಕೊನೆಗೆ ಹುಣಸೆ ಹೂವು. ಬೇಸಿಗೆಯಲ್ಲಿ ಜೇನು ತೆಗೆಯುವ ಆಸೆ ಮಾಡಬೇಡಿ, ಹುಳು ಉಳಿಸಿಕೊಳ್ಳಿ. ನಮ್ಮ ಬಿಸಿಲಿಗೆ ಮೇಣವೇ ಕರಗಿ ಎರಿ ಕಳಚಿ ಬೀಳುತ್ತದೆ. ಪೆಟ್ಟಿಗೆಯ ಮೇಲೆ ಒದ್ದೆ ಗೋಣಿಚೀಲ, ಪಕ್ಕದಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರು, ನೀರಿನಲ್ಲಿ ಹರಳುಕಲ್ಲು. ಕಲ್ಲಿಲ್ಲದಿದ್ದರೆ ಕುಡಿಯಲು ಬಂದವು ಮುಳುಗಿ ಸಾಯುತ್ತವೆ. ಹಂಪಿಯಲ್ಲಿ ಬಂಡೆಗೆ ಕಟ್ಟಿದ ಹೆಜ್ಜೇನು ಆ ಬಿಸಿಲಲ್ಲೂ ತೂಗಾಡುತ್ತದಲ್ಲ ಎಂದು ಕೇಳುವವರಿದ್ದಾರೆ. ಅದರ ಜಾತಿ ಬೇರೆ. ನಾವು ಸಾಕುವುದು ತುಡುವೆ. ಅದಕ್ಕೆ ನೆರಳು ಬೇಕು, ಕತ್ತಲೆ ಬೇಕು, ಯಾರೋ ನೋಡಿಕೊಳ್ಳುತ್ತಾರೆಂಬ ನಂಬಿಕೆ ಬೇಕು.

ಕರಡಿಯ ಸುದ್ದಿ ಹೇಳದಿದ್ದರೆ ನೀವು ಬಿಡುವುದಿಲ್ಲ. ಒಂದು ವರ್ಷ ದರೋಜಿ ಕಡೆಯ ಒಂದು ಹೊಲದಲ್ಲಿ ಐದು ಪೆಟ್ಟಿಗೆ ಇಟ್ಟಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಮೂರು ಪೆಟ್ಟಿಗೆ ಚೂರು. ನಾಲ್ಕನೆಯದರ ಮುಚ್ಚಳ ಮಾತ್ರ ತೆಗೆದು ಪಕ್ಕಕ್ಕಿಟ್ಟಂತೆ ಬಿದ್ದಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅಕ್ಕ ಆ ಮುಚ್ಚಳ ಎತ್ತಿ ನೋಡಿ, "ಇದೊಂದು ಭಾಳ ನೀಟಾಗಿ ತಗದೈತಿ ನೋಡು. ನಿನಗಿಂತ ಛಲೋ ಕಲ್ತೈತಿ. ನಾಳಿಂದ ಅದನ್ನ ಕೆಲ್ಸಕ್ಕ ಕರ್ಕೊಳ್ಳೋಣೇನು?" ಎಂದಳು. ಆ ನಷ್ಟದ ನಡುವೆ ಅಷ್ಟು ನಕ್ಕ ನೆನಪು ನನಗೆ ಬೇರೆ ಇಲ್ಲ.

ಈಗ ಬಟ್ಟೆಯ ಸಂಗತಿ.

ತೋಟಕ್ಕೆ ಒತ್ತಿಕೊಂಡಿರುವ ಹೊಲ ವೀರೇಶಪ್ಪನವರದು. ಅವರು ಸೂರ್ಯಕಾಂತಿಗೆ ಎಣ್ಣೆ ಹೊಡೆಯಲೇಬೇಕು. ಬೆಳೆಗೆ ಬೀಳುವ ಹುಳಕ್ಕೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಹೊಡೆದ ದಿನ ನಮ್ಮ ಹುಳು ಆ ಹೂವಿಗೆ ಹೋದರೆ ಮುಗಿಯಿತು. ಆಗ ಫೋನು ಎಲ್ಲರ ಕೈಯಲ್ಲಿರಲಿಲ್ಲ. ಅಕ್ಕ ಮತ್ತು ವೀರೇಶಪ್ಪ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದರು. ನಾಳೆ ಎಣ್ಣೆ ಹೊಡೆಯುವುದಿದ್ದರೆ ಅವರು ಇಂದು ಮಧ್ಯಾಹ್ನ ಬದುವಿನ ಬನ್ನಿ ಮರಕ್ಕೆ ಕೆಂಪು ಬಟ್ಟೆ ಕಟ್ಟುವುದು. ಸಂಜೆ ಬದು ಸುತ್ತುವ ನಮ್ಮವರು ಅದನ್ನು ಕಂಡರೆ ಬಿಚ್ಚಿ ತರುವುದು. ಬಿಚ್ಚಿದರೆಂದರೆ ಸುದ್ದಿ ಮುಟ್ಟಿತು ಎಂದರ್ಥ. ಹುಳುಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲಿಗೆ ಜಾಲರಿ ಜಡಿದು, ಒದ್ದೆ ಗೋಣಿ ಹೊದಿಸಿ, ಮರುದಿನ ಹೊತ್ತು ಮುಳುಗುವವರೆಗೆ ಮುಚ್ಚಿಡಬೇಕು. ವೀರೇಶಪ್ಪ ಬೆಳಿಗ್ಗೆ ಬಂದು ನೋಡುತ್ತಾರೆ. ಬಟ್ಟೆ ಇನ್ನೂ ಇದ್ದರೆ ಹೊಡೆಯುವುದಿಲ್ಲ. ಇಲ್ಲದಿದ್ದರೆ ಪಂಪು ಹೆಗಲಿಗೇರಿಸುತ್ತಾರೆ. ವರ್ಷಗಟ್ಟಲೆ ಒಂದು ದಿನವೂ ತಪ್ಪಿರಲಿಲ್ಲ.

ಅಂದು ಬದು ಸುತ್ತುವ ಪಾಳಿ ಅಕ್ಕನದು. ನಾನು ಪೆಟ್ಟಿಗೆಗೆ ಹೊಗೆ ಹಾಕಲು ಒಣ ಸಗಣಿ ಕುಳ್ಳು ಆರಿಸುತ್ತ ಆ ಕಡೆ ಹೋಗಿದ್ದೆ. ಬಟ್ಟೆ ಕಂಡಿತು. ಬಿಚ್ಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಹೋಗಿ ಅಕ್ಕನಿಗೆ ಹೇಳುವುದು ಎಂದುಕೊಂಡು ಹತ್ತು ಹೆಜ್ಜೆ ಇಟ್ಟಿದ್ದೆ, ಅಷ್ಟರಲ್ಲಿ ತಲೆಯ ಮೇಲೆ ಹೊಯ್ಯೆಂದು ಸದ್ದು. ಒಂದು ಜೇನಿನ ಹಿಂಡು ಎಲ್ಲಿಂದಲೋ ಎದ್ದು ಬಂದು ಹುಣಸೆಯ ಕೆಳಗೊಂಬೆಗೆ ಗೊನೆಯಂತೆ ಇಳಿಬಿತ್ತು.

ಅಲ್ಲಿಯವರೆಗೆ ನಾನೊಬ್ಬನೇ ಹಿಂಡು ಹಿಡಿದವನಲ್ಲ. ಹಿಡಿಯುವುದು ಅಕ್ಕ, ಏಣಿ ಹಿಡಿಯುವುದು ನಾನು. ನನಗಾಗ ಮೂವತ್ತು ದಾಟಿತ್ತು, ಆದರೂ ಎಲ್ಲರ ಬಾಯಲ್ಲಿ ಹುಲಿಗೆಮ್ಮನ ತಮ್ಮ. ಇವತ್ತು ನಾನೇ ಹಿಡಿದು ತೋರಿಸಬೇಕು ಅನ್ನಿಸಿತು. ಬುಟ್ಟಿ ತಂದೆ, ಏಣಿ ತಂದೆ. ಕೊಂಬೆ ಒದರಿ, ರಾಣಿ ಬುಟ್ಟಿಗೆ ಬಿದ್ದದ್ದು ಕಣ್ಣಾರೆ ಕಂಡು, ಹೊಸ ಪೆಟ್ಟಿಗೆಗೆ ಇಳಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಹೊಸದಾಗಿ ಹಿಡಿದ ಹಿಂಡನ್ನು ಒಂದು ಪೂರ್ತಿ ಹಗಲು ಮುಚ್ಚಿಡುವುದು ಅಕ್ಕನ ಕ್ರಮ. ಹಾಗೆಯೇ ಜಾಲರಿ ಜಡಿದು, ಒದ್ದೆ ಗೋಣಿ ಹೊದಿಸಿದೆ. ಕೈಯಲ್ಲಿ ಆ ಗೋಣಿ ಹಿಡಿದಾಗಲಾದರೂ ಉಳಿದ ಪೆಟ್ಟಿಗೆಗಳ ನೆನಪು ಬರಬೇಕಿತ್ತು. ಬರಲಿಲ್ಲ.

ಅಕ್ಕ ಬದು ಸುತ್ತಿ ಬಂದಳು. ಬಟ್ಟೆಯಿಲ್ಲದ ಬನ್ನಿ ಮರವನ್ನು ನೋಡಿ, ನಾಳೆ ಎಣ್ಣೆಯಿಲ್ಲ ಎಂದುಕೊಂಡೇ ಬಂದಿದ್ದಳು. ನನ್ನ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ, ಅದರ ಗುಂಯ್ ಸದ್ದಿಗೆ ಮುಖ ಅರಳಿಸಿ, ದನದ ಕೊಟ್ಟಿಗೆಯವರೆಗೆ ಕೇಳುವಂತೆ ಕೂಗಿದಳು: "ನಮ್ಮ ಪಂಪ ಹಿಂಡು ಹಿಡಿದಾನ್ರಲೇ! ಒಬ್ಬನ ಹಿಡಿದಾನ!" ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು ನನ್ನ ಬಾಯಿಗಿಟ್ಟಳು. ಬಟ್ಟೆ ನನ್ನ ಕಿಸೆಯಲ್ಲಿತ್ತು.

ಮರುದಿನ ಹನ್ನೊಂದರ ಹೊತ್ತಿಗೆ ಪೆಟ್ಟಿಗೆಗಳ ಮುಂದೆ ನೆಲ ಕಪ್ಪಾಗಿತ್ತು. ಕೆಲವು ನಾಲಿಗೆ ಚಾಚಿ ಬಿದ್ದಿದ್ದವು, ಕೆಲವು ಬುಗುರಿಯಂತೆ ನೆಲದಲ್ಲಿ ಸುತ್ತುತ್ತಿದ್ದವು. ಇನ್ನೂ ಬರುತ್ತಲೇ ಇದ್ದವು, ಕಾಲಲ್ಲಿ ಹಳದಿ ಪರಾಗ ಹೊತ್ತು, ಬಾಗಿಲವರೆಗೆ ಬಂದು ಬೀಳುತ್ತಿದ್ದವು. ಅಕ್ಕ ಕಾಲಿಡಲು ಜಾಗವಿಲ್ಲದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಹುಳುಗಳನ್ನು ಬಳಿದು ಬಳಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

ಧಣಿ ಬಂದರು. ವೀರೇಶಪ್ಪ ಓಡಿ ಬಂದರು.

"ನಾ ಬಟ್ಟಿ ಕಟ್ಟಿದ್ದೆ ಧಣೇರ. ಮುಂಜಾನೆ ನೋಡಿದ್ರ ಬಿಚ್ಚಿದ್ರು. ಬಿಚ್ಚಿದ ಮ್ಯಾಲೇ ಹೊಡದೀನಿ. ನನ್ನ ಮಕ್ಕಳಾಣಿ."

"ನಿನ್ನಿ ಪಾಳಿ ಯಾರ್ದು?"

"ನಂದ್ರಿ" ಎಂದಳು ಅಕ್ಕ. "ನಾ ಹೋದಾಗ ಮರದಾಗ ಬಟ್ಟಿ ಇರ್ಲಿಲ್ರಿ."

"ಹಂಗಾರ ಬಟ್ಟಿಗೆ ರೆಕ್ಕಿ ಮೂಡಿದ್ವೇನು?" ಎಂದರು ಧಣಿ. "ನಿನ್ನ ತಮ್ಮ ನೋಡು, ತಾನು ಹಿಡಿದ ಪೆಟ್ಟಿಗಿ ಮುಚ್ಚಿ ಇಟ್ಕೊಂಡಾನ. ಅದೊಂದ ಉಳದೈತಿ. ನೀನು ಬಿಚ್ಚಿ, ಎಲ್ಲೋ ಒಗದು, ಮರ್ತಿ. ಮರ್ತೆ ಅನ್ನು, ಮುಗೀತದ. ಸುಳ್ಳು ಯಾಕ ಹೇಳ್ತಿ?"

ಅಕ್ಕ ನನ್ನ ಕಡೆ ತಿರುಗಿದಳು. ಅನುಮಾನದಿಂದಲ್ಲ, ಸಾಕ್ಷಿಗೆ. "ಪಂಪ, ನೀ ಏನಾರ ಕಂಡ್ಯಾ?"

ಹಿಂದಿನ ದಿನದ ಅಂಗಿಯನ್ನೇ ಹಾಕಿದ್ದೆ. ಕೈ ತಾನಾಗಿ ಕಿಸೆಗೆ ಹೋಯಿತು. ಬೆರಳಿಗೆ ಬಟ್ಟೆ ಹತ್ತಿತು. ಅದು ಅಲ್ಲಿದೆ ಎಂದು ನನಗೆ ನೆನಪಾದದ್ದೇ ಆ ಗಳಿಗೆಯಲ್ಲಿ.

"ಇಲ್ಲಕ್ಕ" ಎಂದೆ.

ಮರೆತದ್ದು ತಪ್ಪು. ಆದರೆ ನಾನು ಒಪ್ಪಿಕೊಳ್ಳಬೇಕಾದ ತಪ್ಪು ಅದಲ್ಲ. ಈ ಒಂದು ಮಾತು.

ಧಣಿ ಅವಳನ್ನು ಕೆಲಸದಿಂದ ಬಿಡಿಸಲಿಲ್ಲ, ಬಾಳೆಗೊನೆಗೆ ಹೋಗು ಎಂದರು. ಸುಳ್ಳುಗಾತಿ ಅನ್ನಿಸಿಕೊಂಡ ಜಾಗದಲ್ಲಿ ಅವಳು ನಿಲ್ಲಲಿಲ್ಲ. ಪರಿಚಯದವರೊಬ್ಬರು ಹೇಳಿ, ಸಂಡೂರಿನ ಒಂದು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿಕೊಂಡಳು. ಜೇನಿನ ಜವಾಬ್ದಾರಿ ನನಗೆ ಬಂತು. ಹೋಗುವ ದಿನ ಬಸ್ಸಿನ ಕಿಟಕಿಯಿಂದ, "ನಿನ್ನ ಹಿಂಡಿಗೆ ಬೇಸಿಗ್ಯಾಗ ನೀರು ಮರೀಬ್ಯಾಡ" ಎಂದಳು. ಆ ಒಂದು ಪೆಟ್ಟಿಗೆಯಿಂದಲೇ ಮುಂದೆ ತೋಟದ ಎಲ್ಲ ಪೆಟ್ಟಿಗೆಗಳು ಬೆಳೆದವು. ನೀವು ಈಗ ನೋಡಿಕೊಳ್ಳುತ್ತಿರುವವು ಅವುಗಳ ಸಂತಾನವೇ.

ಆಮೇಲೆ ಕೆಲಸದ ರೀತಿ ಬದಲಾಯಿತು. ಎರಿ ಹಿಂಡಿ ಜೇನು ತೆಗೆಯುವುದು ಹೋಗಿ, ಎರಿ ಮುರಿಯದೆ ತಿರುಗಿಸಿ ತೆಗೆಯುವ ಡ್ರಮ್ಮು ಬಂತು. ಬನ್ನಿ ಮರದ ಬಟ್ಟೆಯೂ ಹೋಗಿ ಫೋನು ಬಂತು. ಅವೆಲ್ಲ ನಿಮಗೆ ಗೊತ್ತು. ನನಗೆ ಗೊತ್ತಾಗದೆ ಉಳಿದದ್ದು ಬೇರೆ.

ಪ್ರತಿ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ಚಿತ್ತವಾಡ್ಗಿಗೆ ಕರೆತರುತ್ತಿದ್ದೆ. ಉಂಡೆ ಕಟ್ಟುತ್ತಿದ್ದಳು, ನನ್ನ ಹೆಂಡತಿಯ ಜೊತೆ ನಗುತ್ತಿದ್ದಳು. ತೋಟಕ್ಕೆ ಬಾ ಎಂದರೆ ಮಾತ್ರ ಮಂಡಿನೋವು ಅನ್ನುತ್ತಿದ್ದಳು. ಒಂದು ಹೊಸ ಚಾಳಿ ಅಂಟಿಕೊಂಡಿತ್ತು. ಗ್ಯಾಸ್ ಬಂದ್ ಮಾಡಿ ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ ನೋಡುವಳು. ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಬೀಗ ಎಳೆದು ನೋಡುವಳು. ವಯಸ್ಸು ಎಂದುಕೊಂಡಿದ್ದೆ.

ನಾನು ಕೆಲಸ ಬಿಟ್ಟ ವರ್ಷದ ಪಂಚಮಿಯಲ್ಲಿ ಹಬ್ಬದ ಅಡಿಗೆಯ ನಡುವೆ ಅವಳು ಮೂರನೇ ಸಲ ಒಲೆ ನೋಡಲು ಎದ್ದಾಗ ತಮಾಷೆ ಮಾಡಿದೆ. "ಏನಕ್ಕ, ಗ್ಯಾಸ್ ಎದ್ದು ಓಡಿ ಹೋಗತೈತೇನು?"

ಅವಳು ನಗಲಿಲ್ಲ. "ನನ್ನ ತೆಲಿ ಮ್ಯಾಲೆ ನನಗ ನಂಬಿಕಿ ಇಲ್ಲಪ. ಆವತ್ತ ಬಟ್ಟಿ ಬಿಚ್ಚಿ ಎಲ್ಲಿ ಒಗದ್ನೋ, ಇವತ್ತಿಗೂ ನೆನಪಾಗವಲ್ದು. ಧಣಿ ಹೇಳಿದ್ದ ಖರೆ ಇರಬೇಕು. ಅಷ್ಟು ಜೀವ ಕೊಂದ ಕೈ ಇದು. ಹಾಸ್ಟೆಲಿನ್ಯಾಗ ನೂರು ಹುಡುಗ್ರು ಮಲಗಿರ್ತಾವು. ಗ್ಯಾಸ್ ಮರ್ತ್ರ ಏನು ಗತಿ?"

ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ವಾಪಸಿಟ್ಟೆ. ಅವಳ ಕೆಲಸ ಕಳೆದೆ ಎಂದು ಇಷ್ಟು ವರ್ಷ ಕೊರಗಿದ್ದೆ. ಕಳೆದದ್ದು ಅದಲ್ಲ. ತಾನು ಕಂಡದ್ದನ್ನು ತಾನೇ ನಂಬುವ ಶಕ್ತಿಯನ್ನೇ ಅವಳಿಂದ ಕಿತ್ತುಕೊಂಡಿದ್ದೆ.

ಬಟ್ಟೆಯನ್ನು ನಾನು ಎಸೆದಿರಲಿಲ್ಲ. ಟ್ರಂಕಿನ ತಳದಲ್ಲಿತ್ತು, ಬಣ್ಣ ಮಾಸಿತ್ತು. ಮುಂದಿನ ವಾರ ಚೀಲದಲ್ಲಿಟ್ಟುಕೊಂಡು ಸಂಡೂರಿನ ಬಸ್ಸು ಹತ್ತಿದೆ. ಹಾಸ್ಟೆಲಿನ ಹಿಂದಿನ ಒಂದೇ ಕೋಣೆಯ ಮನೆ. ಅಕ್ಕ ಬೇಳೆ ಬೇಯಲು ಇಟ್ಟಿದ್ದಳು. ಅಡಿಗೆಕಟ್ಟೆಯ ಮೇಲೆ ಬಟ್ಟೆ ಇಟ್ಟೆ.

"ಏನ್ಲೇ ಇದು?"

"ಬನ್ನಿ ಮರದ್ದು."

ಅವಳು ಎತ್ತಿ ಎರಡೂ ಬದಿ ನೋಡಿದಳು. "ಎಲ್ಲಿ ಸಿಕ್ತು?"

"ನನ್ನ ಕಿಸೆದಾಗ ಇತ್ತಕ್ಕ. ಆವತ್ತಿಂದ. ನಾನ ಬಿಚ್ಚಿದ್ದು. ಹಿಂಡು ಕಂಡು ಮರ್ತೆ. ನೀ ಕೇಳ್ದಾಗ ಕಿಸೆದಾಗ ಕೈ ಇಟ್ಕೊಂಡ ಇಲ್ಲ ಅಂದೆ."

ಕುಕ್ಕರ್ ಕೂಗಿತು. ಅವಳು ಅದರ ಕಡೆ ನೋಡಲಿಲ್ಲ.

"ಹಂಗಾರ ನಾ ಬಿಚ್ಚಿಲ್ಲ."

"ಇಲ್ಲಕ್ಕ."

"ನಾ ಹೋದಾಗ ಮರದಾಗ ಇರ್ಲಿಲ್ಲ."

"ಇರ್ಲಿಲ್ಲ."

"ನಾ ಮರ್ತಿಲ್ಲ."

"ನೀ ಮರ್ತಿಲ್ಲಕ್ಕ."

ಗೋಡೆಗೆ ಒರಗಿ ಕೂತಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಬಟ್ಟೆಯನ್ನು ತೊಡೆಯ ಮೇಲಿಟ್ಟು ಕೈಯಿಂದ ಒತ್ತಿ ಒತ್ತಿ ಸುಕ್ಕು ತೆಗೆದಳು. ಆಮೇಲೆ, "ಎದ್ದು ಹೋಗು ಪಂಪ. ಈಗ ನಿನ್ನ ಮಾರಿ ನೋಡಾಕ ಆಗವಲ್ದು" ಎಂದಳು.

ಎದ್ದೆ. ಬಸ್ ನಿಲ್ದಾಣಕ್ಕೆ ಬಂದು ಕಟ್ಟೆಯ ಮೇಲೆ ಕೂತೆ. ಹೊಸಪೇಟೆಯ ಬಸ್ಸು ಒಂದು ಹೋಯಿತು, ಹತ್ತಲಿಲ್ಲ. ಎರಡನೆಯದು ಬಂದು ನಿಂತಾಗ ದೂರದಲ್ಲಿ ಅಕ್ಕ ಏದುಸಿರು ಬಿಡುತ್ತ ಬರುವುದು ಕಾಣಿಸಿತು. ಕೈಯಲ್ಲಿ ನನ್ನ ಚೀಲ.

"ಚೀಲ ಬಿಟ್ಟು ಬಂದಿ ನೋಡು" ಎಂದು ನನ್ನ ಎದೆಗೆ ಒತ್ತಿದಳು. "ಮರಿಯಾಂವ ನೀನು. ಮೊದ್ಲಿಂದ ನೀನ."

ಚೀಲ ಭಾರವಾಗಿತ್ತು. ಬಿಚ್ಚಿ ನೋಡಿದರೆ ಒಳಗೆ ರೊಟ್ಟಿ, ಶೇಂಗಾಪುಡಿ.

ವಾರ ಕಳೆದು ಅವಳೇ ಫೋನು ಮಾಡಿದಳು. "ಒಂದು ಪೆಟ್ಟಿಗಿ ತಂದು ಕೊಡು. ನಿನ್ನ ಹಿಂಡಿನ ಪೈಕಿದ್ದ ಬೇಕು. ತಪ್ಪಾತು ಗಿಪ್ಪಾತು ಅಂತ ಅಲ್ಲಿ ನಿಂತು ಅಳಬ್ಯಾಡ. ನನಗಿನ್ನೂ ಸಿಟ್ಟು ಇಳಿದಿಲ್ಲ."

ತೆಗೆದುಕೊಂಡು ಹೋದೆ. ಅದಕ್ಕೂ ಮೊದಲು ತೋಟಕ್ಕೆ ಹೋಗಿ, ಈಗಿನ ಧಣಿಯ ಮತ್ತು ವೀರೇಶಪ್ಪನವರ ಮುಂದೆ, ಕೆಲಸದವರೆಲ್ಲ ಇರುವಾಗಲೇ ಎಲ್ಲವನ್ನೂ ಹೇಳಿದೆ. ಹಳೆಯ ಧಣಿ ಈಗಿಲ್ಲ. ಅವರಿಗೆ ಹೇಳುವ ಅವಕಾಶ ನಾನೇ ಕಳೆದುಕೊಂಡೆ. ವೀರೇಶಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಆ ತಾಯಿ ಎದುರು ಬಂದ್ರ ನಾ ದಾರಿ ಬಿಟ್ಟು ಹೋಗ್ತಿದ್ದೆ. ಸುಳ್ಳು ಹೇಳ್ಯಾಳ ಅಂತಿದ್ದೆ. ನನ್ನನ್ನೂ ಪಾಪಿ ಮಾಡಿದ್ಯಲ್ಲೋ" ಎಂದರು. ಅದೂ ನನ್ನ ಲೆಕ್ಕಕ್ಕೇ ಸೇರಬೇಕಾದದ್ದು.

ಸಂಡೂರಿನ ಮನೆಯ ಹಿಂದೆ ಪೆಟ್ಟಿಗೆ ಇಳಿಸಿದಾಗ ಅಕ್ಕ ಮುಚ್ಚಳ ತೆಗೆದು ಒಂದು ಎರಿ ಎತ್ತಿದಳು. ಬರಿಗೈ. ಹುಳುಗಳು ಏನೂ ಮಾಡಲಿಲ್ಲ. ರಾಣಿಯನ್ನು ನನಗಿಂತ ಮೊದಲು ಕಂಡವಳು ಅವಳೇ. "ಬಾಗಿಲು ಈ ಕಡಿ ಯಾಕ ಇಟ್ಟಿ? ಮುಂಜಾನಿ ಬಿಸಿಲು ಬೀಳಬೇಕು ಅಂತ ಎಷ್ಟು ಸಲ ಹೇಳೀನಿ?" ಎಂದು ಬೈದಳು. ಆ ಬೈಗುಳ ಕೇಳಿ ಎಷ್ಟು ವರ್ಷವಾಗಿತ್ತೋ.

ಬಟ್ಟೆಯನ್ನು ಅವಳು ಕಿಟಕಿಯ ಸರಳಿಗೆ ಕಟ್ಟಿದ್ದಾಳೆ. ಮೊದಲ ಸಲ ಕಂಡಾಗ ಬಿಚ್ಚಲೇ ಎಂದು ಕೈ ಚಾಚಿದೆ. "ಮುಟ್ಟಬ್ಯಾಡ" ಎಂದಳು. "ಆ ಬಟ್ಟಿ ಬಿಚ್ಚಾಕ ಈ ಸಲ ಪಾಳಿ ನಂದು. ನನ್ನ ಮನಸ್ಸಿಗೆ ಬಂದಾಗ ಬಿಚ್ತೀನಿ." ಸರಿ ಎಂದೆ. ತಿಂಗಳಿಗೊಮ್ಮೆ ಹೋಗುತ್ತೇನೆ. ರಸ್ತೆಯ ತಿರುವಿನಿಂದಲೇ ಆ ಕಿಟಕಿ ಕಾಣಿಸುತ್ತದೆ.

ಹೊಸಬರಿಗೆ ಒಂದೇ ಮಾತು. ಈಗ ನಿಮಗೆ ಎಣ್ಣೆ ಹೊಡೆಯುವ ಸುದ್ದಿ ಫೋನಿನಲ್ಲಿ ಬರುತ್ತದೆ, ಸರಿ ಎನ್ನಲು ನೀವು ಎತ್ತಿದ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುತ್ತೀರಿ. ಆ ಹೆಬ್ಬೆರಳೂ ಬಟ್ಟೆ ಬಿಚ್ಚಿ ಕಿಸೆಯಲ್ಲಿಟ್ಟಂತೆಯೇ. ಪೆಟ್ಟಿಗೆ ಮುಚ್ಚಿದ ಮೇಲೆ ಒತ್ತಿ, ಮೊದಲು ಬೇಡ. ಇಷ್ಟಾಗಿಯೂ ಮರೆತರೆ, ಮರೆತೆ ಎಂದು ಅದೇ ಗಳಿಗೆಯಲ್ಲಿ ಹೇಳಿ. ಸತ್ತ ಹುಳುಗಳ ಜಾಗಕ್ಕೆ ಎರಡು ವರ್ಷದಲ್ಲಿ ಬೇರೆ ಹುಳು ತುಂಬಿಕೊಳ್ಳುತ್ತವೆ.

ಹೋದ ವಾರ ಸಂಡೂರಿಗೆ ಹೋಗಿದ್ದೆ. ಬಟ್ಟೆ ಇನ್ನೂ ಕಿಟಕಿಯಲ್ಲೇ ಇತ್ತು. ಅಕ್ಕ ಚಹಾ ಮಾಡಿಕೊಟ್ಟಳು. ಕುಡಿದ ಮೇಲೆ, ಗುಡ್ಡದ ಕಡೆ ಗುರೆಳ್ಳು ಹೂ ಬಿಟ್ಟಿದೆಯಂತೆ, ನೋಡಿ ಬರೋಣ ಎಂದಳು. ಗ್ಯಾಸ್ ಬಂದ್ ಮಾಡಿದಳು, ಚಪ್ಪಲಿ ಮೆಟ್ಟಿ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿದಳು. ನಾನು ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ನಿಂತೇ ಇದ್ದೆ, ಅವಳು ತಿರುಗಿ ಬಂದು ನೋಡುವಳೆಂದು. ಅವಳು ಆಗಲೇ ತಿರುವು ದಾಟಿದ್ದಳು.

"ಏನ್ಲೇ, ಅಲ್ಲೇ ನಿಂತಿ? ಜಲ್ದಿ ಬಾ" ಎಂದು ಅಲ್ಲಿಂದಲೇ ಕೂಗಿದಳು.